ಮೈಲಾರಪ್ಪ ಆಡಿದ ಸಾವಕಾರ

"ಈ ಫೋಟೋ ಬ್ಯಾಡ ಬಿಡ," ಎಂದು ರವಿಕುಮಾರ ತಂಗಿಯ ಕೈಯಿಂದ ಚಿತ್ರ ಕಿತ್ತುಕೊಂಡ. ಅಂಗಳದಲ್ಲಿ ಅಪ್ಪನ ಹೆಣಕ್ಕೆ ನೀರು ಹಾಕುತ್ತಿದ್ದರು. ಫ್ಲೆಕ್ಸ್ ಅಂಗಡಿಯ ಮುಜಾಫರ ಬಾಗಿಲಲ್ಲಿ ಕಾಯುತ್ತಿದ್ದ. "ಅಪ್ಪನ ಶ್ರದ್ಧಾಂಜಲಿಗೆ ನಾಟಕದಾಗಿನ ಯಹೂದಿ ಸಾವಕಾರನ ವೇಷದ ಫೋಟೋ ಹಾಕ್ತಾರೇನ? ಸಾಲಕ್ಕ ಮಂದಿ ಎದಿ ಕೊಯ್ಯಾಕ ಹೊಂಟಾಂವ ಅಂವ. ಆಧಾರ್ ಕಾರ್ಡಿನ್ದು ಕೊಡು."

"ಅಪ್ಪ ಅವನ್ನ ಹಂಗ ಆಡಲಿಲ್ಲಣ್ಣಾ," ಎಂದಳು ಸಮತಾ. "ನೀ ಆಗ ಹಾಸ್ಟೆಲಿನ್ಯಾಗ ಇದ್ದಿ. ನೋಡಿಲ್ಲ."

*

ಆಗ ಸಮತಾ ಇನ್ನೂ ಚಿಕ್ಕವಳು. ಹಿರೇಕೆರೂರಿನ ಹವ್ಯಾಸಿ ನಾಟಕ ತಂಡದವರು ಹಳೆಯ ಇಂಗ್ಲಿಷ್ ನಾಟಕವೊಂದನ್ನು ಕನ್ನಡಕ್ಕೆ ತಂದಿದ್ದರು. ಬಯ್ಯಿಸಿಕೊಂಡು, ಉಗುಳಿಸಿಕೊಳ್ಳುವ ಬಡ್ಡಿ ಸಾವಕಾರನ ಪಾತ್ರ ಯಾರಿಗೂ ಬೇಡವಾಗಿತ್ತು. ಪೋಷಾಕು ಹೊಲಿಯಲು ಸವಣೂರಿನಿಂದ ಬಂದಿದ್ದ ಸಮತಾಳ ಅಪ್ಪ, ಟೇಲರ್ ಮೈಲಾರಪ್ಪನ ಕೊರಳಿಗೆ ಅದು ಬಿತ್ತು. ಕೇರಿಯವನು ತಾನೇ, ಉಗುಳಿದರೆ ಏನಂದಾನು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಪ್ರಯೋಗದ ದಿನ ನಾಟಕ ಕಲಿಸಿದ ಮೇಷ್ಟ್ರು ಅವನಿಗೆ ಮೇಣದ ಕೊಕ್ಕೆಮೂಗು ಅಂಟಿಸಿದರು. ಮೈಲಾರಪ್ಪ ಅದನ್ನು ಕಿತ್ತು ಮೇಜಿನ ಮೇಲಿಟ್ಟ.

"ಯಹೂದ್ಯಾರಂದ್ರ ಹಿಂಗ ಇರಬೇಕೋ! ಮಂದಿ ನಗಬೇಕು," ಎಂದರು ಮೇಷ್ಟ್ರು.

"ಮೂಗು ನೋಡಿ ನಕ್ಕ ಮಂದಿ ಅವನ ಮಾತು ಕೇಳೂದಿಲ್ರೀ. ಅವನ ಕುಲಾನೇ ಕೆಟ್ಟದ್ದು ಅಂತ ಯಾರೋ ಬರದಾರ, ಬರೀಲಿ. ನಮ್ಮ ಬಗ್ಗೆನೂ ಬರದಾರಲ್ಲ. ನಾ ಮನಷ್ಯಾನ್ನ ಆಡ್ತೇನಿ. ಬ್ಯಾಡಂದ್ರ ಈಗ್ಲೇ ಬಸ್ ಹತ್ತತೇನಿ."

ಬದಲಿ ನಟ ಇರಲಿಲ್ಲ. ಪರದೆ ಎದ್ದಿತು.

ಎದುರಿನ ಪಾತ್ರ ಹಂಸಭಾವಿಯ ಗೌಡರ ಮಗ ಬಸವಣ್ಣೆಪ್ಪನದು. ತಾಲೀಮಿನಲ್ಲಿ ಬರೀ ಬಾಯಿ ಆಡಿಸುತ್ತಿದ್ದವನು ಅಂದು ನಿಜವಾಗಿ ಉಗುಳಿದ. ಉಗುಳು ಮೈಲಾರಪ್ಪನ ಕೆನ್ನೆಗೆ ಬಿತ್ತು. ಜನ ಹೋ ಎಂದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಸಮತಾ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ತಲಿ ಎತ್ತು," ಎಂದಳು ಅನ್ನವ್ವ. "ಅಪ್ಪನ್ನ ನೋಡು."

ಅಪ್ಪ ಕೆನ್ನೆ ಒರೆಸಿಕೊಳ್ಳಲಿಲ್ಲ. ನಗು ಮುಗಿಯಲಿ ಎಂದು ಕಾದು ನಿಂತ. ಆಮೇಲೆ ಎಷ್ಟು ಮೆಲ್ಲಗೆ ಮಾತಾಡಿದನೆಂದರೆ, ಕೇಳಿಸಿಕೊಳ್ಳಲು ಹಿಂದಿನ ಸಾಲಿನವರು ಎದ್ದು ಮುಂದೆ ಬಂದರು. ಕಡೆಗೆ ನಾಟಕದ ನ್ಯಾಯಸಭೆ ಸಾವಕಾರನ ಆಸ್ತಿಯನ್ನೂ ಧರ್ಮವನ್ನೂ ಕಸಿದುಕೊಂಡಿತು. ಎಡವುತ್ತ, ಬೀಳುತ್ತ ಒಳಗೆ ಓಡು ಎಂದಿದ್ದರು ಮೇಷ್ಟ್ರು. ಮೈಲಾರಪ್ಪ ರಂಗದಿಂದ ಇಳಿದು ಜನರ ನಡುವೆಯೇ ನೆಟ್ಟಗೆ ನಡೆದುಹೋದ. ಕೂತವರು ಕಾಲು ಮಡಚಿ ದಾರಿ ಬಿಟ್ಟರು. ಒಬ್ಬರೂ ನಗಲಿಲ್ಲ.

*

"ಅದನ್ನ ಹಾಕ್ರಿ," ಎಂದಳು ಹೆಣದ ಬದಿಯಲ್ಲಿದ್ದ ಅನ್ನವ್ವ. "ಹಂಗ ನಡಿಯೋ ಗಂಡಸನ್ನ ನಾ ಮತ್ತ ನೋಡಿಲ್ಲ."

ರವಿಕುಮಾರ ಫೋಟೋವನ್ನು ಬಹಳ ಹೊತ್ತು ನೋಡಿದ. ಆಮೇಲೆ ತಾನೇ ಅದನ್ನು ಮುಜಾಫರನ ಕೈಗೆ ಕೊಟ್ಟ.

ಮಧ್ಯಾಹ್ನ ಚಟ್ಟದ ಮುಂದಿನ ಎರಡು ತುದಿಗೆ ಅಣ್ಣ ತಂಗಿ ಹೆಗಲು ಕೊಟ್ಟರು. "ಹೆಣ್ಣಮಗಳು ಹೊರತಾಳೇನ?" ಎಂದು ಯಾರೋ ಗೊಣಗಿದರು. "ಮೈಲಾರಪ್ಪನ ಮಗಳು ಹೊರತಾಳ," ಎಂದ ರವಿಕುಮಾರ.

ಹೂಳಲು ತೋಡಿದ ಕುಣಿಯ ಹತ್ತಿರ ಕಾರೊಂದು ನಿಂತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಬಸವಣ್ಣೆಪ್ಪ ಅದರಿಂದ ಇಳಿದ. ಈಗ ಅವನಿಗೂ ತಲೆ ನೆರೆತಿತ್ತು. ಬೌದ್ಧ ಕ್ರಮದಂತೆ ತ್ರಿಶರಣ ಹೇಳಿ ಮುಗಿಸಿದರು. ಹೆಣ ಇಳಿಸಿಕೊಳ್ಳಲು ಕುಣಿಯೊಳಗೆ ಇಬ್ಬರು ಬೇಕಿತ್ತು. ರವಿಕುಮಾರ ಇಳಿದ. ಬಸವಣ್ಣೆಪ್ಪ ಚಪ್ಪಲಿ ಕಳಚಿ ಅಂಚಿಗೆ ಬಂದ.

"ಅಪ್ಪಾ, ನೀವ್ಯಾಕ ಇಳೀತೀರಿ? ಆ ಮಂದಿ ಅದಾರಲ್ಲ," ಎಂದ ಅವನ ಮಗ ಮಾಲತೇಶ.

"ಅವನ ಜೋಡಿ ಆಡಿದಾಂವ ನಾನು. ಸರಿ ಅತ್ಲಾಗ."

ಬಸವಣ್ಣೆಪ್ಪ ಕುಣಿಗಿಳಿದು ಮೈಲಾರಪ್ಪನ ತಲೆಯನ್ನು ಎದೆಗೆ ಒರಗಿಸಿಕೊಂಡು, ಮಗುವನ್ನು ಮಲಗಿಸುವಂತೆ ಮಣ್ಣಿನ ಮೇಲೆ ಮಲಗಿಸಿದ. ಹತ್ತಲು ಹೋದಾಗ ಎರೆಮಣ್ಣು ಕುಸಿದು ಕಾಲು ಜಾರಿತು. ಮಾಲತೇಶ ಕೈ ಚಾಚಿದ. ಮುದುಕ ಅದನ್ನು ಹಿಡಿಯಲಿಲ್ಲ. ತಲೆ ಎತ್ತಿ ಸಮತಾಳ ಕಡೆ ನೋಡಿದ.

ಸಮತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಂಚಿನಲ್ಲಿ ಕಾಲೂರಿ ನಿಂತು, "ಗಟ್ಟಿ ಹಿಡೀರಿ," ಎಂದು ಕೈ ಕೊಟ್ಟು ಅವನನ್ನು ಮೇಲೆಳೆದಳು.