ಹುಡುಗಿಯರ ಕಡತಗಳು

ಮಕ್ಕಳ ನ್ಯಾಯಾಲಯದ ಬೆರಳಚ್ಚುಗಾರ್ತಿಗೆ ಮಕ್ಕಳ ಅಪರಾಧಗಳ ಕುರಿತ ಹೊಸ ವರದಿಯಲ್ಲಿ ಏನಿರಬೇಕೆಂದು ಮೊದಲೇ ಗೊತ್ತಿತ್ತು. ಮೇಲಧಿಕಾರಿಯೇ ಹೇಳಿಬಿಟ್ಟಿದ್ದರು: "ಹುಡುಗರ ಅಪರಾಧ ಅರ್ಧಕ್ಕಿಳಿದಿದೆ, ಹುಡುಗಿಯರದ್ದು ಮೂರುಪಟ್ಟಾಗಿದೆ. ಹೆಣ್ಮಕ್ಕಳು ಕೈಮೀರಿ ಹೋಗಿದಾರೆ ಅಂತ ಬರೆದುಬಿಡಿ, ಮುಗೀತು."

ಬರೆಯಬೇಕಾದವರು ಕನ್ನಡಕದಮ್ಮ. ದಾರಿ ತಪ್ಪಿದ ಮಕ್ಕಳ ಮೇಲ್ವಿಚಾರಕಿ. ನಿವೃತ್ತಿಗೆ ಒಂದೇ ವರ್ಷ. "ನೋಡದೆ ಬರೆಯೋಕೆ ನಾನೇನು ಜ್ಯೋತಿಷಿನಾ?" ಎನ್ನುತ್ತ ದಾಖಲೆ ಕೋಣೆಯ ಬೀಗ ತೆಗೆಸಿದರು.

ಇಪ್ಪತ್ತೈದು ವರ್ಷದ ಕಡತಗಳು. ಧೂಳಿಗೆ ಸೀನುತ್ತ ಮೂರು ವಾರ ಒಂದೊಂದನ್ನೂ ಓದಿದರು. ಬೆರಳಚ್ಚುಗಾರ್ತಿ ಮೊದಮೊದಲು ಗೊಣಗಿದಳು. ಎರಡನೇ ವಾರ ಊಟದ ಡಬ್ಬಿಯನ್ನೂ ಅಲ್ಲಿಗೇ ಒಯ್ದಳು.

ಹಳೆಯ ಕಡತಗಳಲ್ಲಿ ಹುಡುಗರದ್ದು ಸೈಕಲ್ ಕಳವು, ಜೇಬುಗಳ್ಳತನ. ಹುಡುಗಿಯರದ್ದು "ತಡವಾಗಿ ಮನೆಗೆ ಬಂದಳು", "ಹೇಳದೆ ಗೆಳತಿಯ ಮನೆಗೆ ಹೋದಳು". ಅಷ್ಟಕ್ಕೇ ಆರು ತಿಂಗಳು ಬಂಧನ. ಅದೇ ತಪ್ಪಿಗೆ ಒಬ್ಬ ಹುಡುಗನನ್ನೂ ಹಿಡಿದಿರಲಿಲ್ಲ. ಈಚೆಗೆ ಸೈಕಲ್ ಕಳ್ಳರೇ ಅಪರೂಪ. ಹುಡುಗಿಯರ ಕಡತಕ್ಕೆ ಮಾತ್ರ ಹೊಸ ಹೆಸರು: "ಹಲ್ಲೆ". ಬಿಚ್ಚಿ ನೋಡಿದರೆ ಅಮ್ಮನ ಜೊತೆ ಜಗಳ, ಎಸೆದ ಬಟ್ಟಲು, ಪೊಲೀಸರಿಗೆ ಪಕ್ಕದ ಮನೆಯವರ ಫೋನು.

"ನಾನೂ ನಮ್ಮಮ್ಮನ ಮೇಲೆ ಸೌಟು ಎಸೆದಿದ್ದೆ," ಎಂದಳು ಬೆರಳಚ್ಚುಗಾರ್ತಿ.

"ಆಮೇಲೆ?"

"ಅಜ್ಜಿ ಇಬ್ಬರಿಗೂ ಬೈದು ಊಟಕ್ಕೆ ಕೂರಿಸಿದ್ರು."

"ಈಗ ಅಜ್ಜಿ ಜಾಗಕ್ಕೆ ಪೊಲೀಸಪ್ಪ ಬರ್ತಾನೆ. ಅವನಿಗೆ ಬರ್ಕೊಳ್ಳೋದೊಂದೇ ಗೊತ್ತು."

ಹಾಗೆಂದು ಕನ್ನಡಕದಮ್ಮ ಕಣ್ಣು ಮುಚ್ಚಿಕೊಳ್ಳಲಿಲ್ಲ. ನಿಜವಾಗಿಯೂ ಚಾಕು ಹಿಡಿದ ಹನ್ನೊಂದು ಹುಡುಗಿಯರಿದ್ದರು, ಅದನ್ನೂ ಬರೆದರು. ಮನೆಜಗಳದ ಮಕ್ಕಳನ್ನು ಮೊದಲು ತಮ್ಮ ಬಳಿ ಕಳಿಸಬೇಕೆಂದು ಕೊನೆಯ ಪುಟದಲ್ಲಿ ಸೇರಿಸಿದರು.

ವರದಿ ಓದಿ ಮೇಲಧಿಕಾರಿ ನಕ್ಕರು. "ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತಲ್ಲಮ್ಮ! ಕೊನೇ ಪುಟ ತೆಗೀರಿ."

"ಮನೆಜಗಳಕ್ಕೆ ಹಿಡಿದು ತಂದ ನೂರಾ ನಲವತ್ತು ಹುಡುಗಿಯರು ಸಾರ್, ಇಲಿಗಳಲ್ಲ. ಪುಟ ತೆಗೆಯೋದಾದ್ರೆ ನನ್ನ ಸಹಿಯನ್ನೂ ತೆಗೀರಿ."

ಆ ಕೋಣೆಯಲ್ಲಿ ಯಾರೂ ಹಾಗೆ ಮಾತಾಡಿದ್ದನ್ನು ಬೆರಳಚ್ಚುಗಾರ್ತಿ ಕೇಳಿರಲಿಲ್ಲ, ಅದೂ ದನಿ ಏರಿಸದೆ. ಮೇಲಧಿಕಾರಿ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು; ಕೊನೆಗೆ ವರದಿಯನ್ನು ಇದ್ದ ಹಾಗೆಯೇ ಕಳಿಸಿದರು.

ಮೂರು ತಿಂಗಳಿಗೆ ನ್ಯಾಯಾಧೀಶರ ಒಪ್ಪಿಗೆ ಬಂತು. ಮೊದಲ ದಿನವೇ ತಟ್ಟೆ ಎಸೆದ ಹದಿನೈದರ ಹುಡುಗಿ, ಹಣೆ ಊದಿದ ಅಮ್ಮ, ಇಬ್ಬರೂ ಮುಖ ತಿರುಗಿಸಿ ಕೂತರು. ಕನ್ನಡಕದಮ್ಮ ಬಾಗಿಲು ಹಾಕಿಕೊಂಡರು. ಎರಡು ಗಂಟೆಯ ಮೇಲೆ ತಾಯಿ-ಮಗಳು ಯಾವ ಬಸ್ಸು ಹತ್ತಬೇಕೆಂದು ವಾದಿಸುತ್ತ ಜೊತೆಯಲ್ಲೇ ಹೊರಟರು. ಕನ್ನಡಕದಮ್ಮ ಮೇಜಿನ ಮೇಲಿನ ಖಾಲಿ ಲೋಟ ಎತ್ತಿ ನೋಡಿದರು. ಅವರು ಕೇಳುವ ಮೊದಲೇ ಬೆರಳಚ್ಚುಗಾರ್ತಿ ಎದ್ದು ಹೋಗಿ ನೀರು ತಂದುಕೊಟ್ಟಳು.