ಕನ್ನಡಕ್ಕೆ ಬಾರದ ನೋಟೀಸು

“ಏಳ್ನೇ ಕ್ಲಾಸ್ ದಾಟ್ನಿಲ್ಲ, ಮಲಯಾಳಿ ಪೇಪರ್ ಓದ್ತಾನಂತೆ ಕಣ್ರಪ್ಪೋ!” ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತ ಸಾಲಿಗೆಲ್ಲ ಕೇಳುವಂತೆ ಕಂಠಪ್ಪ ಕೂಗಿದ. “ಲೇ ಮಹೇಂದ್ರ, ರುಜು ಆಕಕ್ಕೇ ಕಾಲು ಗಂಟೆ ಬೇಕು ನಿಂಗೆ.”

ಸಾಲು ನನ್ನ ಕಡೆ ನೋಡಿ ನಕ್ಕಿತು. ಅವ್ವನೂ ಸಾಲಿನಲ್ಲಿದ್ದಳು.

“ಓದ್ತಾನೆ ಕಣಣ್ಣ. ಫೋನೇ ಕನ್ನಡ ಮಾಡ್ಕೊಡ್ತದೆ,” ಅಂದಳು.

ಅಪ್ಪ ಶುಂಠಿ ಕೀಳಲು ವಯನಾಡಿಗೆ ಹೋಗಿ ಎರಡು ತಿಂಗಳಾಗಿತ್ತು. ಮೊದಲ ವಾರ ಫೋನು ಮಾಡಿದ, ಆಮೇಲೆ ಸ್ವಿಚ್ ಆಫ್. ನಾನೇ ಹೋಗಿ ತೋಟ ತೋಟ ಅಲೆದೆ. ಬೇರೆ ಕಡೆ ಕೆಲಸಕ್ಕೆ ಹೋದ ಅಂದ ಮೇಸ್ತ್ರಿ. ಅವತ್ತಿನಿಂದ ದಿನಾ ಅಲ್ಲಿನ ಸುದ್ದಿ ಸೈಟು ತೆಗೆದು ‘ಅನುವಾದಿಸಿ’ ಒತ್ತುತ್ತಿದ್ದೆ. ಸುರುಳಿ ಸುರುಳಿ ಅಕ್ಷರವೆಲ್ಲ ಕಣ್ಣೆದುರೇ ಕನ್ನಡವಾಗುತ್ತಿತ್ತು. ಆನೆ ತುಳಿದದ್ದು, ಜೀಪು ಮಗುಚಿದ್ದು, ಒಂದೂ ಬಿಡದೆ ಓದುತ್ತಿದ್ದೆ.

ಕಂಠಪ್ಪನ ಬಾಯಿ ಮುಚ್ಚಿಸಲೇಬೇಕಿತ್ತು. ವೀರನಹೊಸಹಳ್ಳಿ ಹತ್ತಿರ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವ ಕೇರಳದ ವರ್ಗೀಸ್ ಚೇಟನ ಬಳಿ ಹೋಗಿ ಫೋನು ಕೊಟ್ಟೆ. “ನಾನು ಓದಿರೋದು ಸರಿ ಐತಾ ನೋಡಿ ಚೇಟಾ.”

ಆತ ಒಂದೊಂದೇ ಪುಟ ತಿರುವಿದ. “ಎಲ್ಲ ಸರಿ ಉಂಟು. ಇದು ಓದಿಲ್ವಾ?”

‘ಪೊಲೀಸ್ ಪ್ರಕಟಣೆ’ ಎಂಬ ತಲೆಬರಹದ ಕೆಳಗೆ ಸೀಲು ಹೊಡೆದ ಒಂದು ಮಸುಕು ಕಾಗದ. ಎಷ್ಟೋ ಸಲ ನೋಡಿದ್ದೆ. ನಮ್ಮ ಕಡೆ ಸೀಲಿನ ಕಾಗದವೆಂದರೆ ಯಾರದೋ ಜಮೀನಿನ ತಕರಾರು. ನಮಗೇನು ಬೇಕಾದದ್ದಿದ್ದರೂ ಫೋನು ಕನ್ನಡ ಮಾಡಿಯೇ ಕೊಟ್ಟಿರುತ್ತದೆ ಅಂದುಕೊಂಡು ದಾಟಿಸಿದ್ದೆ.

“ಇದು ಫೋಟೋ ಅಲ್ವಾ? ಇದರೊಳಗಿನ ಅಕ್ಷರ ಫೋನು ಕನ್ನಡ ಮಾಡಲ್ಲ,” ಅಂದು ಚೇಟ ಚಿತ್ರ ಹಿಗ್ಗಿಸಿ ಓದಿದ. ರಸ್ತೆ ಬದಿ ಸತ್ತುಬಿದ್ದ ಗಂಡಸು. ಸುಮಾರು ಐವತ್ತೈದು ವಯಸ್ಸು. ಬಲಗೈಯಲ್ಲಿ ಕಿರುಬೆರಳಿಲ್ಲ. ಏಳು ದಿನದೊಳಗೆ ವಾರಸುದಾರರು ಬಾರದಿದ್ದರೆ ಹೂಳಲಾಗುವುದು.

ಅಪ್ಪನ ಬಲಗೈ ಕಿರುಬೆರಳು ಕೆ.ಆರ್. ನಗರದ ಆಲೆಮನೆ ಗಾಣಕ್ಕೆ ಸಿಕ್ಕಿ ಹೋಗಿತ್ತು.

“ತಾರೀಖು?”

“ನಲವತ್ತು ದಿನ ಆಯ್ತು, ಮೋನೇ.”

ಆ ಪುಟವನ್ನು ನಾನು ಮೊದಲು ತೆರೆದದ್ದು ಅದು ಬಂದ ಮರುದಿನವೇ. ಇನ್ನೂ ಆರು ದಿನವಿತ್ತು. ಅವತ್ತು ಅವ್ವನಿಗೆ ಹೇಳಿದ್ದೆ: “ಪೇಪರ್ನಾಗೇನೂ ಇಲ್ಲ ಕಣವ್ವ. ಅಪ್ಪ ಎಲ್ಲೋ ಚೆಂದಾಗವ್ನೆ.”

ಸಂಜೆ ಹಾಲಿನ ಹೊತ್ತಿಗೆ ಅದೇ ಡೇರಿ, ಅದೇ ಸಾಲು.

“ಏನ್ಲಾ, ಏನಂತು ನಿನ್ ಪೇಪರ್ರು?” ಕಂಠಪ್ಪ ಕೇಳಿದ.

ಅವ್ವ ಕ್ಯಾನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಮುಖ ತೊಳೆದು ಹೊಸದಾಗಿ ಕುಂಕುಮ ಇಟ್ಟುಕೊಂಡು ಬಂದಿದ್ದಳು.

“ಎಲ್ಲಾರ್ಗೂ ಕೇಳಂಗೆ ಓದ್ಬುಡು ಮಗಾ,” ಅಂದಳು. “ನಗ್ಲಿ ನೋಡಾನ ಆಮ್ಯಾಕೆ.”

ಫೋನು ಜೇಬಿಗೆ ಹಾಕಿಕೊಂಡೆ. ಅವಳ ಹಣೆ ನೋಡಲಾಗಲಿಲ್ಲ. ಹಿಂದಿನಿಂದ “ಮಗಾ” ಎಂದು ಎರಡು ಸಲ ಕರೆದಳು. ನಾನು ಹೊಳೆಯ ಕಡೆ ನಡೆಯುತ್ತಲೇ ಹೋದೆ.