ರಾಜೀವ ಶೆಟ್ಟರ ಹರಕೆಗೆ ಒಂದು ಕಾರಣ ಬೇಕಾಗಿದೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಿದರೂ ರಾಜೀವ ಶೆಟ್ಟರಿಗೆ ಸಿಟ್ಟು ಬರುತ್ತದೆ. ನಿನ್ನೆ ‘ಸಾಲಿಗ್ರಾಮದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮುತ್ತ ಎಂಬವನು’ ಎಂದು ಬರೆದಿದ್ದೆ, ಅಷ್ಟೇ. ಶೆಟ್ಟರು ಹಾಳೆಯ ಒಳಗಿನಿಂದಲೇ ಕೂಗಿದರು.

“ಹ್ವಾಯ್, ಕಥಿ ಯಾರದ್ದ್? ನಂದಾ, ಅವಂದಾ?”

“ನಿಮ್ಮದೇ ಶೆಟ್ರೆ.”

“ಮತ್ತೆ ಅಂವ ಎಂತಕೆ ಮುಂದ್ ಬಂದ?”

ಅಳಿಸಿದೆ. ಎರಡನೇ ಸಲ ತ್ರಾಸಿಯ ಕಡಲು, ಹೈವೇ, ಅದರ ಬದಿಗೆ ಶೆಟ್ಟರ ಹೋಟೆಲಿನ ಬೋರ್ಡು, ಹೀಗೆ ಶುರು ಮಾಡಿದೆ. ಕಡಲು ನೋಡುತ್ತ ಓದುಗರು ಕಥೆ ಮರೆತಾರು ಎಂದು ಅದನ್ನೂ ಬಿಟ್ಟೆ. (ಸುಳ್ಳು. ಕಡಲನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಹೆಸರು ನನ್ನ ಬಾಯಿಂದ ಬರುವುದಿಲ್ಲ.)

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಇದು ೨೦೧೨. ಶೆಟ್ಟರ ಗದ್ದೆಯಲ್ಲಿ ಹರಕೆ ಆಟ ಇದೆ. ದೇವರಿಗೆ ಹೊತ್ತ ಹರಕೆ ತೀರಿಸಲು ಆಡಿಸುವ ಯಕ್ಷಗಾನ. ಆಟಕ್ಕೆ ಮುಂಚೆ, ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆ ಆಗುವಾಗ, ಈ ಆಟ ಯಾವ ಕಾರಣಕ್ಕೆ ಎಂದು ಭಟ್ಟರು ಗಟ್ಟಿಯಾಗಿ ಪ್ರಾರ್ಥನೆ ಹೇಳಬೇಕು. ಅದನ್ನು ಶೆಟ್ಟರು ಮೊದಲು ಭಟ್ಟರಿಗೆ ಹೇಳಬೇಕು. ಶೆಟ್ಟರ ಹತ್ತಿರ ಕಾರಣ ಇಲ್ಲ. ಇದ್ದದ್ದು ಹೊಟ್ಟೆಕಿಚ್ಚು ಮಾತ್ರ.

೨

ಹೊಟ್ಟೆಕಿಚ್ಚು ಹುಟ್ಟಿದ್ದು ೧೯೯೭ರಲ್ಲಿ ಎಂದು ಬರೆಯೋಣವೆಂದಿದ್ದೆ. ಆದರೆ ಅದಕ್ಕೂ ಹಿಂದೆ ಹೋಗಬೇಕು, ಕ್ಷಮಿಸಿ.

ಕೋಟದ ಹತ್ತಿರದ ಅವರ ಊರಲ್ಲಿ ಶೆಟ್ಟರ ದೊಡ್ಮನೆಗೂ ಮುತ್ತನ ಮನೆಗೂ ನಡುವೆ ಒಂದು ಬಯಲು. ಮೊದಲು ಅಷ್ಟೂ ದೊಡ್ಮನೆಯದ್ದು. ಮುತ್ತನ ಮನೆಯವರು ಒಕ್ಕಲು, ಗೇಣಿ ಕೊಟ್ಟು ಗೇಯುತ್ತಿದ್ದವರು. ಉಳುವವನೇ ಒಡೆಯ ಎಂಬ ಕಾನೂನು ಬಂದು ಡಿಕ್ಲರೇಶನ್ ಆದ ಮೇಲೆ ಅರ್ಧ ಬಯಲು ಅವರದೇ ಆಯಿತು. ಶಾಲೆಯಲ್ಲಿ ರಾಜೀವನೂ ಮುತ್ತನೂ ಒಂದೇ ಬೆಂಚು, ಒಂದೇ ಡಬ್ಬಿಯ ಮಿಠಾಯಿ. ಶಾಲೆ ಬಿಟ್ಟು ದೊಡ್ಮನೆಗೆ ಬಂದರೆ ಇವರು ಜಗಲಿಯ ಮೇಲೆ, ಅವನು ಜಗಲಿಯ ಕೆಳಗೆ. ದೊಡ್ಡವರಾದ ಮೇಲೂ ಇವರು ಅವನನ್ನು ‘ಮುತ್ತ’ ಅಂದರು, ಅವನು ಇವರನ್ನು ‘ಶೆಟ್ರೆ’ ಅಂದ. ಅದನ್ನು ತಪ್ಪೆಂದು ಇಬ್ಬರಿಗೂ ಯಾರೂ ಹೇಳಿಕೊಡಲಿಲ್ಲ.

೧೯೯೭ರಲ್ಲಿ ಬೊಂಬಾಯಿಯಲ್ಲಿದ್ದ ಶೆಟ್ಟರು ಕಾಮಾಲೆ ಹಿಡಿದು ಊರಿಗೆ ಬಂದರು. ಬದುಕುವುದೇ ಕಷ್ಟ ಎಂದು ಜನ ಆಡಿಕೊಂಡರು. ಬದುಕಿದರು. ಎದ್ದು ಗಂಜಿ ಉಣ್ಣುವಷ್ಟು ಆದಾಗ ಸುದ್ದಿ ಬಂತು: ಮುತ್ತ ಹರಕೆ ಆಟಕ್ಕೆ ಹೆಸರು ಬರೆಸಿದ. ಅಲ್ಲಿಯವರೆಗೆ ಆ ಬಯಲಿಗೆ ಯಕ್ಷಗಾನ ಮೇಳ ಕರೆಸಿದ್ದು ದೊಡ್ಮನೆಯಂಥ ಮನೆಗಳು ಮಾತ್ರ.

“ನಮ್ ಒಕ್ಲಿನವ ಆಟ ಆಡ್ಸುದಾ? ಎಂತಕ್ಕಂಬ್ರ್?”

“ಅದ್ ಅಂವ ಹೇಳುದಿಲ್ಲೆ ಅಂಬ್ರ್. ಹರ್ಕಿ ತೀರು ತನಕ ಬಾಯ್ ಬಿಡುಕಾಗ ಅಂತ ಅವ್ನ ಅಬ್ಬಿ ಹೇಳಿದ್ಲಂಬ್ರ್,” ಎಂದರು ಹೆಂಡತಿ ಉಮಾವತಿ. (ಅಬ್ಬಿ ಅಂದರೆ ತಾಯಿ.)

ಮರುದಿನವೇ ಶೆಟ್ಟರು, ಕಣ್ಣಿನ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಬಸ್ಸು ಹತ್ತಿ ಮೇಳ ನಡೆಸುವ ದೇವಸ್ಥಾನದ ಆಫೀಸಿಗೆ ಹೋಗಿ ತಮ್ಮ ಹೆಸರನ್ನೂ ಬರೆಸಿ ಬಂದರು. ಹೆಸರುವಾಸಿ ಮೇಳ. ಸರದಿ ಬರಲು ಹದಿನೈದು ವರ್ಷ ಆದೀತು ಅಂದರು. ಆಗಲಿ ಅಂದರು ಇವರು. ಹರಕೆ ಎಂತ ಎಂದು ಅಲ್ಲಿ ಯಾರೂ ಕೇಳಲಿಲ್ಲ.

೩

ನಡುವಿನ ವರ್ಷಗಳಲ್ಲಿ ಶೆಟ್ಟರು ಅಧ್ಯಾತ್ಮಕ್ಕೆ ಬಿದ್ದರು. (‘ಬಿದ್ದರು’ ಬೇಡ, ‘ಏರಿದರು’ ಅಂತ ಬರೆಯಿರಿ ಎಂದು ಅವರ ತಕರಾರು. ನಾನು ಬದಲಿಸುವುದಿಲ್ಲ.) ಬೊಂಬಾಯಿ ಬಿಟ್ಟು ಬಂದು ಹಾಕಿದ ತ್ರಾಸಿಯ ಹೋಟೆಲ್ ಚೆನ್ನಾಗಿ ನಡೆಯುತ್ತಿತ್ತು, ಮನಸ್ಸು ನಡೆಯುತ್ತಿರಲಿಲ್ಲ. ಬ್ರಹ್ಮಾವರದ ಒಂದು ಸಭಾಭವನದಲ್ಲಿ ಉಸಿರಾಟದ ಕ್ಲಾಸು ಮಾಡಿದರು. ಬೈಂದೂರಿನ ಕಡೆ ಹತ್ತು ದಿನದ ಮೌನ ಶಿಬಿರಕ್ಕೆ ಹೋದರು. ಅಲ್ಲಿ ಮುಂದಿನ ಸಾಲಿನಲ್ಲೊಬ್ಬ ಮೈ ಅಲ್ಲಾಡಿಸದೆ ಕೂರುತ್ತಿದ್ದ. ಹತ್ತು ದಿನವೂ ಶೆಟ್ಟರು ಧ್ಯಾನ ಮಾಡಿದ್ದು ಅವನ ಬೆನ್ನನ್ನೇ. ಒಂದು ಸೊಳ್ಳೆಯಾದರೂ ಕಚ್ಚಬಾರದೇ ಇವನಿಗೆ!

ಆದರೂ ತಮಾಷೆಯಲ್ಲ, ಮನುಷ್ಯ ಬದಲಾದರು. ಸಪ್ಲಾಯರ್ ಹುಡುಗರಿಗೆ ಬೈಯುವುದು ನಿಂತಿತು. ದೊಡ್ಮನೆಯ ಜಗಲಿಗೆ ಯಾರು ಬೇಕಾದರೂ ಹತ್ತಬಹುದು ಎಂದು ಅಪ್ಪಯ್ಯ ತೀರಿಕೊಂಡ ಮೇಲೆ ಹೇಳಿದರು. ದಿನಾ ಸಂಜೆ ಕಣ್ಣು ಮುಚ್ಚಿ ಕೂತು ಕೇಳಿಕೊಳ್ಳುತ್ತಿದ್ದರು: ಇವತ್ತು ಯಾರ ಮೇಲೆ ರೇಗಿದೆ? ಯಾರಿಗೆ ಸುಳ್ಳು ಹೇಳಿದೆ? ಯಾರನ್ನು ಕೀಳಾಗಿ ಕಂಡೆ? ಇವತ್ತು ಯಾರನ್ನು ನೋಡಿ ಹೊಟ್ಟೆ ಉರಿಯಿತು ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆ ಅದು.

ಮುತ್ತ ಯಾವ ಕ್ಲಾಸಿಗೂ ಹೋಗಲಿಲ್ಲ. ಮೊಳೆ ಮಾರಿದ, ಪೈಪು ಮಾರಿದ, ಬಂಗುಡೆ ಮೀನು ತಿಂದ, ಕ್ರಿಕೆಟ್ ನೋಡಿದ. ಆ ವರ್ಷಗಳಲ್ಲಿ ಊರು ಜಾತಿಗೊಂದು ಸಂಘ, ಪಾರ್ಟಿಗೊಂದು ಬ್ಯಾನರು ಕಟ್ಟಿಕೊಂಡಿತ್ತು. ಒಬ್ಬರ ಮದುವೆಗೆ ಇನ್ನೊಬ್ಬರು ಹೋಗಲು ಯೋಚಿಸುವ ಹಾಗಾಗಿತ್ತು. ಮುತ್ತನ ಅಂಗಡಿಯ ಬೆಂಚಿನಲ್ಲಿ ಮಾತ್ರ ಎಲ್ಲರೂ ಒತ್ತೊತ್ತಿ ಕೂತು ಚಾ ಕುಡಿಯುತ್ತಿದ್ದರು. ತಗಾದೆಗಳು ಅಲ್ಲೇ ಮುಗಿಯುತ್ತಿದ್ದವು.

“ಹತ್ ದಿನ ಬಾಯ್ ಮುಚ್ಕಂಡ್ ಕೂಕಂಡದ್ದ್ ನಾನ್,” ಅಂದರು ಶೆಟ್ಟರು ಉಮಾವತಿಗೆ. “ಶಾಂತಿ ಸಿಕ್ಕದ್ದ್ ಅವ್ನಿಗಾ?”

೪

(ಇಲ್ಲಿ ಶೆಟ್ಟರು ನನ್ನ ಜೊತೆ ಜಗಳಕ್ಕೆ ನಿಂತದ್ದರಿಂದ ಕಥೆ ನಿಂತಿದೆ.)

“ಹ್ವಾಯ್, ನಿಮ್ಗ್ ಅವ್ನ್ ಮೇಲ್ ಪ್ರೀತಿ ಜಾಸ್ತಿ. ಬೆಂಚು, ಚಾ, ಎಲ್ಲಾ ಅವ್ನಿಗೆ. ನಂಗೆ ಸೊಳ್ಳಿ.”

“ಅವನ ಬಗ್ಗೆ ಬರೆಯುವುದು ಸುಲಭ ಶೆಟ್ರೆ, ಅದಕ್ಕೆ.”

“ನಂಗೂ ಒಂದ್ ಒಳ್ಳೆ ಸಾಲ್ ಬರೀರಿ ಮಾರಾಯ್ರೆ. ಒಂದೇ ಒಂದ್.”

ಕೂತೆ. ಬರೆದೆ. ‘ರಾಜೀವ ಶೆಟ್ಟರು ಒಳ್ಳೆಯವರಾಗಲು ಬಹಳ ಕಷ್ಟಪಟ್ಟರು.’ ಅವರು ಎರಡೆರಡು ಸಲ ಓದಿದರು. ಅದು ಒಳ್ಳೆಯ ಸಾಲೋ ಕೆಟ್ಟದ್ದೋ ಎಂದು ನನಗೂ ತಿಳಿಯಲಿಲ್ಲ.

೫

ದೇವಸ್ಥಾನದ ಆಫೀಸಿನಿಂದ ಫೋನ್ ಬಂತು. ಮುತ್ತನ ಆಟ ಶುಕ್ರವಾರ, ಶೆಟ್ಟರದ್ದು ಶನಿವಾರ. ಬರೆಸಿದ್ದು ಹಿಂದೆ ಮುಂದೆ, ಸರದಿ ಬಂದದ್ದೂ ಹಿಂದೆ ಮುಂದೆ.

“ನಮ್ದ್ ಎಂತಕ್ ಹರ್ಕಿ?” ಉಮಾವತಿ ಮೀನು ಕೊಯ್ಯುತ್ತ ಕೇಳಿದರು. “ಭಟ್ರಿಗೆ ಹೇಳ್ಕಲ್ದಾ?”

ಮಗ ಸುಶಾಂತ್ ಹುಟ್ಟಿದ್ದಕ್ಕೆ ಅನ್ನೋಣವೆಂದರೆ ಅವನು ಹುಟ್ಟಿದ್ದು ಆಮೇಲೆ. ಹೋಟೆಲ್ ಅದಕ್ಕೂ ಆಮೇಲೆ. ಎಲ್ಲ ಶುಭವೂ ಹೆಸರು ಬರೆಸಿದ ನಂತರದ್ದೇ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕಾಮಾಲೆ! ಸಾಯುವವರು ಬದುಕಿದ್ದು. ಅದಕ್ಕಿಂತ ದೊಡ್ಡ ಕಾರಣ ಬೇಕೇ? ಅರ್ಧ ಸತ್ಯವೂ ಹೌದು. ಶೆಟ್ಟರು ಆ ಸಂಜೆ ಕಣ್ಣು ಮುಚ್ಚಿ ಕೂತವರು ನೆಮ್ಮದಿಯಿಂದ ಎದ್ದರು.

“ನನ್ನ್ ಜೀವ ಉಳ್ದದ್ದಕ್ಕೆ,” ಅಂದರು ಹೆಂಡತಿಗೆ.

ಉಮಾವತಿ ಗಂಡನ ಮುಖ ನೋಡಿದರು, ಅವತ್ತಿನ ಮೀನಿನ ಮುಖ ನೋಡಿದರು, ಕೊಯ್ಯತೊಡಗಿದರು.

೭

(ಆರನ್ನು ಹರಿದು ಹಾಕಿದೆ. ಅದರಲ್ಲಿ ಶೆಟ್ಟರಿಗೆ ಕನಸಿನಲ್ಲಿ ದೇವರು ಬಂದಿದ್ದ. ಕಥೆ ಕೈಕೊಟ್ಟಾಗ ನಾನು ದೇವರನ್ನು ಕರೆಯುತ್ತೇನೆ, ಕೆಟ್ಟ ಅಭ್ಯಾಸ.)

ಶುಕ್ರವಾರ ಸಂಜೆ ಮುತ್ತನ ಬಯಲು. ತಗಡಿನ ಮರೆಯ ಚೌಕಿ, ಒಳಗೆ ಬಣ್ಣದ ವಾಸನೆ, ಸಾಲಾಗಿ ಕಿರೀಟ. ಮುತ್ತ ಶೆಟ್ಟರನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಗಣಪತಿಯ ಎದುರಿಗೇ ನಿಲ್ಲಿಸಿದ. ಭಟ್ಟರು ಕರ್ಪೂರ ಹಚ್ಚುವ ಮೊದಲು ಅವನ ಕಡೆ ಬಗ್ಗಿದರು. ಅವನು ಪಿಸುಗುಟ್ಟಿದ. ಭಟ್ಟರು ಒಂದು ಕ್ಷಣ ಶೆಟ್ಟರ ಕಡೆ ತಿರುಗಿ ನೋಡಿ, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದರು:

“ದೊಡ್ಮನೆ ರಾಜೀವ ಶೆಟ್ಟರು ಕಾಯಿಲೆಯಲ್ಲಿ ಮಲಗಿದ್ದಾಗ, ಅವರ ಜೀವ ಉಳಿದರೆ ಆಟ ಆಡಿಸುತ್ತೇನೆಂದು ಈ ಮನೆಯ ಮುತ್ತ ಹೊತ್ತುಕೊಂಡ ಹರಕೆ. ಒಪ್ಪಿಸಿಕೊಂಡು ಇಬ್ಬರನ್ನೂ ಕಾಪಾಡಬೇಕು.”

ಶೆಟ್ಟರಿಗೆ ಮೊದಲು ಬಂದದ್ದು ಕಣ್ಣೀರಲ್ಲ. ನಾನು ಕಣ್ಣೀರು ಬರೆದಿದ್ದೆ, ಅವರೇ ಒರೆಸಿ ಹಾಕಿದರು. ಮೊದಲು ಬಂದದ್ದು ಇದು: ಇದನ್ನೂ ಅವನೇ ತೆಗೆದುಕೊಂಡ! ನನ್ನ ಕಾಮಾಲೆ, ನನ್ನ ಜೀವ, ನಾಳೆ ನಾನು ಹೇಳಬೇಕಿದ್ದ ಮಾತು. ಕಣ್ಣೀರು ಅದರ ಹಿಂದಿನಿಂದ ಬಂತು.

೮

ಚೌಕಿಯ ಹೊರಗೆ.

“ಎಂತಕೆ ಹೇಳ್ಲಿಲ್ಲೆ ನೀನ್, ಇಷ್ಟ್ ವರ್ಷ?”

“ಹೇಳಿರೆ ನಿಮ್ ಅಪ್ಪಯ್ಯ ಬಿಡ್ತಿದ್ರಾ ಶೆಟ್ರೆ? ಒಕ್ಲಿನವ ದೊಡ್ಮನಿಯರ್ ಜೀವಕ್ಕೆ ಹರ್ಕಿ ಹೊರುದಾ ಅಂತ ಓಡಿಸ್ತಿದ್ರ್.” ಮುತ್ತ ನಕ್ಕ. “ನೀವೂ ಹೇಳ್ಲಿಲ್ಲೆ ಅಲ್ದಾ ಮತ್ತೆ?”

“ನಾನ್ ಎಂತ ಹೇಳ್ಲಿಲ್ಲೆ?”

“ನಿಮ್ ಹರ್ಕಿ. ನಾನ್ ಬರ್ಸಿದ್ ಮರ್ದಿನವೇ ಹೋಯಿ ಬರ್ಸಿದ್ರಿ, ಮೈ ಸಮಾ ಹುಷಾರಿಲ್ದಿದ್ರೂ. ಆ ವರ್ಷವೇ ನಾನ್ ಅಂಗಡಿ ಶುರು ಮಾಡದ್ದ್. ಮುತ್ತನ ಅಂಗಡಿ ನಡೀಲಿ ಅಂತ ಶೆಟ್ರ್ ಹರ್ಕಿ ಹೊತ್ತದ್ದ್ ಅಂತ ಅಬ್ಬಿ ಸಾಯು ತನಕ ಹೇಳ್ತಿದ್ಲ್. ನಾನ್ ಕೇಂಬುಕೆ ಬರ್ಲಿಲ್ಲೆ. ಹರ್ಕಿ ತೀರು ತನಕ ಕೇಂಬುಕಾಗ ಅಲ್ದಾ.”

ಹದಿನೈದು ವರ್ಷ ಆ ಮನೆಯವರು ಹೀಗೆಂದು ನಂಬಿಕೊಂಡಿದ್ದರು. ಶೆಟ್ಟರು ಬಾಯಿ ತೆರೆದರು. ಅಷ್ಟರಲ್ಲಿ ಯಾರೋ ಮುತ್ತನನ್ನು ಕರೆದರು, ಅವನು ಹೋದ.

೯

ಈಗ ಶನಿವಾರ. ನನ್ನ ಹತ್ತಿರ ಮೂರು ಕೊನೆಗಳಿದ್ದವು.

ಒಂದು: ಶೆಟ್ಟರು ಚೌಕಿಯಲ್ಲಿ ಎಲ್ಲರೆದುರು ನಿಜ ಹೇಳುತ್ತಾರೆ. ಭಟ್ಟರು ಅದನ್ನೇ ಪ್ರಾರ್ಥನೆಯಲ್ಲಿ ಹೇಳುತ್ತಾರೆ, ‘ಹೊಟ್ಟೆಕಿಚ್ಚಿನಿಂದ ಹೊತ್ತ ಹರಕೆ, ಒಪ್ಪಿಸಿಕೊಳ್ಳಬೇಕು.’ ನನಗೆ ಬಹಳ ಇಷ್ಟವಾಗಿತ್ತು. ಶೆಟ್ಟರು ಒಪ್ಪಲಿಲ್ಲ. “ಮರ್ಯಾದಿ ಹೋಯ್ಲಿ, ಅಡ್ಡಿಲ್ಲೆ. ಊರೆಲ್ಲಾ ಕೇಂಬಲ್ಲೇ ಮುತ್ತನೂ ನಿಂತ್ ಕೇಣ್ಕಾ? ಹಾಂಗ್ ಮಾಡ್ಬೇಡಿ.”

ಎರಡು: ಮುತ್ತ ನಂಬಿದ್ದನ್ನೇ ಹೇಳಿಬಿಡುವುದು. ಅವನ ಅಂಗಡಿಯ ಏಳಿಗೆಗೆ. ಬರೆದು ನೋಡಿದೆ. ಜನ ಹೊಗಳಿದರು, ಇಬ್ಬರ ಫೋಟೊ ತೆಗೆದರು, ಎರಡೂ ಜಾತಿಯ ಸಂಘದವರು ಶಾಲು ಹೊದೆಸಿದರು. ಶೆಟ್ಟರಿಗೆ ಮೊದಲ ಸಲ ಮುತ್ತನಿಗೆ ಸರಿಸಮ ನಿಂತ ಹಾಗಾಯಿತು. ಅರ್ಧ ಪುಟದಲ್ಲೇ ಅವರು ಪೆನ್ನು ಹಿಡಿದು ನಿಲ್ಲಿಸಿದರು. “ಸಾಕ್. ಖುಷಿ ಆತಾ ಇತ್ತ್ ನಂಗೆ. ಅದಕ್ಕೇ ಬ್ಯಾಡ.”

ಮೂರು: ‘ಮನಸ್ಸಲ್ಲಿ ಇದ್ದದ್ದನ್ನು ನಡೆಸಿಕೊಡು’ ಎಂದು ಭಟ್ಟರು ಹಾರಿಸಿಬಿಡುವುದು. ಇದಕ್ಕೆ ಉಮಾವತಿಯೇ ಅಡ್ಡ ಬಂದರು. “ಮನ್ಸಲ್ ಇದ್ದದ್ ಎಂತ ಅಂತ ನಂಗೊತ್ತಿತ್ತ್. ಅದನ್ನ ದೇವ್ರ್ ನಡ್ಸಿಕೊಟ್ರೆ ಮುತ್ತನ ಅಂಗಡಿ ಮುಚ್ಕ್.”

ಮೂರೂ ಹೋದವು. ನಾಲ್ಕನೆಯದು ನನ್ನ ಹತ್ತಿರ ಇರಲಿಲ್ಲ. ಇದ್ದ ಲೇಖಕರು ಇದ್ದಾರು, ಅವರ ಸುದ್ದಿ ಇಲ್ಲಿ ಬೇಡ.

ಚೌಕಿಯಲ್ಲಿ ಭಟ್ಟರು ಕರ್ಪೂರದ ತಟ್ಟೆ ಹಿಡಿದು ಶೆಟ್ಟರ ಕಡೆ ಬಗ್ಗಿದರು. “ಹೇಳಿ ಶೆಟ್ರೆ, ಎಂತಕ್ಕೆ?”

ಮುತ್ತ ಬಾಗಿಲ ಹೊರಗೇ ನಿಂತಿದ್ದ. ಜಗಲಿಗೆ ಹತ್ತಬಹುದೆಂದು ಹೇಳಿ ವರ್ಷಗಳಾಗಿದ್ದವು. ದೊಡ್ಮನೆಯ ಕಾರ್ಯ ಅಂದರೆ ಅವನ ಕಾಲು ತಾನಾಗಿ ಹೊರಗೇ ನಿಲ್ಲುತ್ತಿತ್ತು.

“ಭಟ್ರೆ, ಹೇಳ್ತೆ. ಆದ್ರೆ ಮೊದ್ಲ್ ಹೇಳ್ಕಾದ್ದ್ ನಿಮ್ಗಲ್ಲ, ದೇವ್ರಿಗೂ ಅಲ್ಲ.”

ಶೆಟ್ಟರು ಹೊರಗೆ ಹೋದರು. ಮುತ್ತನ ಹೆಗಲ ಮೇಲೆ ಕೈ ಹಾಕಿದರು. ಇಬ್ಬರೂ ಕೊಯ್ಲಾದ ಗದ್ದೆ ದಾಟಿ, ಎರಡು ಮನೆಯ ಪಾಲು ಕೂಡುವ ಅಂಚಿನವರೆಗೆ ಹೋದರು. ಚೆಂಡೆಯವನು ಕೋಲು ಕೆಳಗಿಟ್ಟ. ಅರ್ಧ ಮೀಸೆ ಬರೆಸಿಕೊಂಡ ವೇಷಧಾರಿಯೊಬ್ಬ ಕನ್ನಡಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿದ. ನಾನೂ ಬಂದೆ.

ಶೆಟ್ಟರು ಮಾತಾಡುತ್ತಿರುವುದು ಕಾಣುತ್ತಿತ್ತು. ಕೈ ಒಮ್ಮೆ ಹೊಟ್ಟೆಗೆ ಹೋಯಿತು, ಒಮ್ಮೆ ತಲೆಗೆ ಹೋಯಿತು. ಮುತ್ತ ಅಲ್ಲಾಡದೆ ನಿಂತು ಕೇಳಿದ. ಆಮೇಲೆ ಬೆನ್ನು ಹಾಕಿದ. ಹೊರಟೇ ಹೋಗುತ್ತಾನೆ ಅಂದುಕೊಂಡೆ. ನಾಲ್ಕು ಹೆಜ್ಜೆ ಹೋದವನು ಅಂಚಿನ ಮೇಲೆ ಕುಕ್ಕರಿಸಿದ. ಸ್ವಲ್ಪ ಹೊತ್ತು ಬಿಟ್ಟು ಶೆಟ್ಟರೂ, ಬಿಳಿ ಪಂಚೆ ಮಣ್ಣಾಗುತ್ತದೆಂದು ನೋಡದೆ, ಪಕ್ಕದಲ್ಲಿ ಕೂತರು. ಅಷ್ಟು ದೂರದಿಂದ ಅದು ಅಳುವೋ ನಗುವೋ ತಿಳಿಯಲಿಲ್ಲ.

ನಾನು ಹತ್ತಿರ ಹೋಗಲು ಗದ್ದೆಗೆ ಇಳಿದೆ. ಉಮಾವತಿ ಅಡ್ಡ ನಿಂತರು.

“ನೀವ್ ಎಲ್ಲಿಗ್ ಹೋಪುದ್?”

“ಏನು ಮಾತಾಡುತ್ತಿದ್ದಾರೆ ಎಂದು ಗೊತ್ತಾಗಬೇಕಲ್ಲ ಉಮಾವತಿಯಮ್ಮ. ಕಥೆ ಬರೆಯುತ್ತಿರುವುದು ನಾನು.”

“ಅದ್ ಅವ್ರ್ ಇಬ್ರಿಗ್ ಸಂಬಂಧಪಟ್ಟದ್ದ್. ಇಲ್ಲೇ ಹೊರ್ಗ್ ನಿಲ್ಲಿ.”

ನಿಂತಿದ್ದೇನೆ. ಕರ್ಪೂರ ಕಾಯುತ್ತಿದೆ, ಭಟ್ಟರು ಕಾಯುತ್ತಿದ್ದಾರೆ, ಓದುಗರಾದ ನೀವೂ ಕಾಯುತ್ತಿದ್ದೀರಿ, ಗೊತ್ತು. ಅಷ್ಟೆಲ್ಲ ಸಾಲು ಕೊಟ್ಟವನು ಮುತ್ತ, ಅಷ್ಟೆಲ್ಲ ಕಷ್ಟ ಕೊಟ್ಟವರು ಶೆಟ್ಟರು, ಇಬ್ಬರೂ ಒಮ್ಮೆಯಾದರೂ ಈ ಕಡೆ ತಿರುಗಿ ನೋಡುತ್ತಿಲ್ಲ. ನನಗೊಬ್ಬ ಅಂಥ ಸ್ನೇಹಿತ ಇಲ್ಲ. ನನ್ನ ಹೊಟ್ಟೆ ಉರಿಯುತ್ತಿದೆ.